ಮಾಡಿನ ಲೆಕ್ಕ

(ದಕ್ಷಿಣ ಕನ್ನಡದ ಒಳನಾಡು. ಗುಡ್ಡದ ಮೇಲೆ ಮಣ್ಣಿನ ಗೋಡೆಯ ಹಳೆಯ ಹಂಚಿನ ಮನೆ. ಮಾತಾಡುವವರು ಇಬ್ಬರು: ಮನೆಯ ಒಡತಿಯಾದ ನಿವೃತ್ತ ಶಾಲಾ ಶಿಕ್ಷಕಿ ಮತ್ತು ಸುತ್ತಿನ ಊರುಗಳಲ್ಲಿ ಮಾಡಿನ ಕೆಲಸ ಮಾಡುತ್ತ ಬಂದ ಹಿರಿಯ ಆಚಾರಿ. ಡಿಸೆಂಬರ್ ತಿಂಗಳು.)

ಟೀಚರ್: ಬನ್ನಿ ಆಚಾರ್ರೇ, ಕೂತ್ಕೊಳ್ಳಿ. ಮಾಡು ಬದಲಾಯಿಸಲಿಕ್ಕೆ ಮೂರು ಜನ ಬಂದು ನೋಡಿ ಮೂರು ಲೆಕ್ಕ ಕೊಟ್ಟು ಹೋಗಿದ್ದಾರೆ. ಮನೆ ಒಂದೇ. ಆದರೆ ಕಡಿಮೆ ಹೇಳಿದವರಿಗೂ ಹೆಚ್ಚು ಹೇಳಿದವರಿಗೂ ನಡುವೆ ಎರಡು ಪಟ್ಟು ಅಂತರ. ಇದರಲ್ಲಿ ಸುಳ್ಳು ಹೇಳುವವರು ಯಾರು?

ಆಚಾರಿ: ಯಾರೂ ಸುಳ್ಳು ಹೇಳಿರಲಿಕ್ಕಿಲ್ಲ ಟೀಚರೇ. ಮೂವರೂ ಮೂರು ಬೇರೆ ಕೆಲಸಕ್ಕೆ ಲೆಕ್ಕ ಬರೆದಿದ್ದಾರೆ, ನೀವು ಒಂದೇ ಕೆಲಸ ಅಂತ ಓದ್ತಾ ಇದ್ದೀರಿ. ಕಾಗದ ಕೊಡಿ, ನೋಡುವ. ಈ ಮೊದಲಿನವರು ಎಷ್ಟು ಚದರಡಿ ಹಿಡಿದಿದ್ದಾರೆ?

ಟೀಚರ್: 1,200. ಮನೆ ನಲ್ವತ್ತಕ್ಕೆ ಮೂವತ್ತು ಅಡಿ. ಸರಿಯೇ ಅಲ್ವಾ?

ಆಚಾರಿ: ಗೋಡೆ ನಲ್ವತ್ತಕ್ಕೆ ಮೂವತ್ತು. ಮಾಡು ಗೋಡೆಗೇ ನಿಲ್ಲುವುದಿಲ್ಲವಲ್ಲ. ನಮ್ಮ ಮಳೆಗೆ ಸೂರು ಮೂರಡಿಯಾದರೂ ಹೊರಗೆ ಚಾಚಬೇಕು, ಇಲ್ಲದಿದ್ದರೆ ಮಣ್ಣಿನ ಗೋಡೆಯ ಬುಡ ಕರಗುತ್ತದೆ. ನಾಲ್ಕೂ ಬದಿಗೆ ಮೂರಡಿ ಸೇರಿಸಿ. 46ಕ್ಕೆ 36. ಗುಣಿಸಿದರೆ 1,656. ಅದೂ ನೆಲದ ಮೇಲಿನ ಅಳತೆ. ಮಾಡು ಇಳಿಜಾರು. ಮೂವತ್ತು ಡಿಗ್ರಿ ಇಳಿಜಾರಿದ್ದರೆ ನೂರಕ್ಕೆ ಇನ್ನೊಂದು ಹದಿನೈದು ಪಾಲು ಸೇರುತ್ತದೆ. ಸುಮಾರು 1,900 ಚದರಡಿ. ಆಗುಂಬೆ ಕಡೆಯ ಹಾಗೆ ಕಡಿದಾಗಿ, ನಲ್ವತ್ತೈದು ಡಿಗ್ರಿಗೆ ಎತ್ತಿದರೆ ಅದೇ ಮನೆಗೆ 2,300 ದಾಟುತ್ತದೆ.

ಟೀಚರ್: ಅಂದರೆ ಗೋಡೆಯ ಅಳತೆಯಲ್ಲಿ ಲೆಕ್ಕ ಹಾಕಿದವರು ಕಡಿಮೆ ಹೇಳಿದರು, ಮಾಡಿನ ಅಳತೆಯಲ್ಲಿ ಹಾಕಿದವರು ಹೆಚ್ಚು ಹೇಳಿದರು.

ಆಚಾರಿ: ಹೌದು. ಕೆಲಸ ಮುಗಿದ ಮೇಲೆ ಟೇಪು ಹಿಡಿದು ನಿಂತಾಗ ಮೊದಲಿನವರದ್ದೂ 1,900ಕ್ಕೇ ಬರುತ್ತದೆ. ಆಗ ಜಗಳ. ಅದಕ್ಕೆ, ಚದರಡಿಗೆ ಎಷ್ಟು ಅಂತ ಕೇಳುವ ಮೊದಲು ಯಾವ ಚದರಡಿ ಅಂತ ಕೇಳಬೇಕು.

ಟೀಚರ್: ಮಕ್ಕಳಿಗೆ ಇಷ್ಟು ವರ್ಷ ಕ್ಷೇತ್ರಫಲ ಕಲಿಸಿದ್ದೇನೆ. ಆದರೆ ಇಳಿಜಾರಿನ ಮೇಲೆ ಹಣ ಹರಿಯುತ್ತದೆ ಅಂತ ಪಾಠಪುಸ್ತಕದಲ್ಲಿ ಇರಲಿಲ್ಲ. ಮಕ್ಕಳಿಗೆ ಅವರವರ ಮನೆಯ ಮಾಡನ್ನೇ ಅಳೆಯಲು ಹೇಳಿದ್ದರೆ ಎಷ್ಟು ಚೆನ್ನಾಗಿ ಅರ್ಥವಾಗುತ್ತಿತ್ತು! ಇರಲಿ. ಈ 1,900ಕ್ಕೆ ಹಂಚು ಎಷ್ಟು ಬೇಕು?

ಆಚಾರಿ: ಚದರ ಮೀಟರಿಗೆ ಹೆಚ್ಚು ಕಡಿಮೆ ಹದಿನೈದು ಹಂಚು. ನೂರು ಚದರಡಿಗೆ ನೂರ ನಲ್ವತ್ತು ಅಂತ ಇಟ್ಟುಕೊಳ್ಳಿ. ನಿಮ್ಮ ಮಾಡಿಗೆ ಎರಡು ಸಾವಿರದ ಆರುನೂರೈವತ್ತರ ಹತ್ತಿರ, ಒಡೆಯುವುದಕ್ಕೆ ಇನ್ನೂರು ಜಾಸ್ತಿ. ಒಂದು ಹಂಚು ಎರಡೂವರೆ ಕಿಲೊ ತೂಗುತ್ತದೆ. ಒಟ್ಟು ಆರೂವರೆ ಟನ್. ಆಷಾಢದಲ್ಲಿ ನೀರು ಕುಡಿದು ಇನ್ನೂ ಭಾರ. ಈ ಭಾರ ಯಾರ ಮೇಲೆ ಕೂತಿದೆ ಹೇಳಿ.

ಟೀಚರ್: ಮರದ ಮೇಲೆ.

ಆಚಾರಿ: ಅಲ್ಲಿರುವುದು ಖರ್ಚು. ಹಂಚಿನಲ್ಲಿ ಅಲ್ಲ. ಜನ ಹಂಚಿನ ದರ ಕೇಳಿಕೊಂಡು ಅಂಗಡಿ ಅಂಗಡಿ ತಿರುಗುತ್ತಾರೆ, ಹಂಚಿಗೆ ಒಂದೆರಡು ರೂಪಾಯಿ ಕಡಿಮೆಯಾದರೆ ಸಮಾಧಾನಪಡುತ್ತಾರೆ. ಮಾಡಿನ ಖರ್ಚು ತೀರ್ಮಾನ ಆಗುವುದು ಹಂಚಿನ ಅಡಿಯಲ್ಲಿ. ನೆತ್ತಿಯ ತೊಲೆ, ಗೋಡೆಯ ಮೇಲೆ ಮಲಗಿದ ಮರ, ಇಳಿಜಾರಿಗೆ ಇಳಿಬಿಟ್ಟ ಪಕ್ಕಾಸು, ಅದರ ಮೇಲೆ ಅಡ್ಡಕ್ಕೆ ಹೊಡೆದ ರೀಪು. ರೀಪು ಒಂದನ್ನೇ ತೆಗೆದುಕೊಳ್ಳಿ. ಒಂದು ರೀಪಿನಿಂದ ಇನ್ನೊಂದಕ್ಕೆ ಒಂದಡಿಯ ಮೇಲೆ ಅರ್ಧ ಇಂಚು. ಹಾಗೆ ಲೆಕ್ಕ ಹಾಕಿದರೆ ನಿಮ್ಮ ಮಾಡಿಗೆ ರೀಪೇ 1,800 ಅಡಿ ಉದ್ದ ಆಗುತ್ತದೆ. ಅದರಲ್ಲಿ ಕಾಲು ಭಾಗ ಹಾಳಾಗಿದೆಯೋ ಮುಕ್ಕಾಲು ಭಾಗ ಹಾಳಾಗಿದೆಯೋ ಅನ್ನುವುದರ ಮೇಲೆ ನಿಮ್ಮ ದುಡ್ಡು ನಿಂತಿದೆ. ಈ ಮೂವರಲ್ಲಿ ಯಾರಾದರೂ ಮೇಲೆ ಹತ್ತಿ ಹಂಚು ತೆಗೆದು ನೋಡಿದರಾ?

ಟೀಚರ್: ಇಲ್ಲ. ಅಂಗಳದಲ್ಲಿ ನಿಂತು ನೋಡಿದರು. ಒಬ್ಬರು ಮೊಬೈಲಿನಲ್ಲಿ ಫೋಟೋ ತೆಗೆದರು.

ಆಚಾರಿ: ಹಾಗಾದರೆ ಅವರು ಬರೆದದ್ದು ಊಹೆ. ಹೆಚ್ಚು ಬರೆದವರು ಎಲ್ಲ ಮರ ಹೋಗಿದೆ ಅಂತ ಊಹಿಸಿದರು, ಕಡಿಮೆ ಬರೆದವರು ಏನೂ ಹೋಗಿಲ್ಲ ಅಂತ. ನಾನು ಬರುವಾಗ ಜಗಲಿಯ ಪಕ್ಕಾಸಿನ ತುದಿಗೆ ಉಳಿಯ ಮೊನೆ ಚುಚ್ಚಿ ನೋಡಿದೆ. ಪಡುವಣ ಬದಿಯಲ್ಲಿ ಒಳಗೆ ಇಳಿಯಿತು, ಮೂಡಣ ಬದಿಯಲ್ಲಿ ಟಣ್ ಅಂತ ನಿಂತಿತು. ಮಳೆ ಗಾಳಿ ಬರುವುದು ತೆಂಕು ಪಡುವಣದಿಂದ. ಆ ಬದಿ ನೆನೆದು ಒಣಗಿ, ನೆನೆದು ಒಣಗಿ ಮೊದಲು ಸೋಲುತ್ತದೆ. ಒಂದು ಮಾಡಿನ ಎರಡು ಬದಿಗೆ ಎರಡು ವಯಸ್ಸು ಇರುತ್ತದೆ ಟೀಚರೇ. ಇಡೀ ಮಾಡು ಬಿಚ್ಚಬೇಕು ಅಂತ ಯಾರಾದರೂ ಹೇಳಿದರೆ, ಮೂಡಣ ಬದಿ ಯಾಕೆ ಅಂತ ಕೇಳಿ.

ಟೀಚರ್: ನಾನು ಒಂದು ಮಾತು ನೇರವಾಗಿ ಕೇಳಬೇಕು, ಬೇಜಾರು ಮಾಡ್ಕೊಳ್ಬೇಡಿ. ನಿಮ್ಮದು ಮರದ ಕೆಲಸ. ಹಾಗಾಗಿ ಮರ ಉಳಿಸುವ ಪರವಾಗಿ, ಹಂಚಿನ ಪರವಾಗಿಯೇ ನೀವು ಮಾತಾಡುವುದು ಸಹಜ. ಎರಡನೆಯವರು ಶೀಟಿನ ಲೆಕ್ಕ ಮಗನಿಗೆ ಕೊಟ್ಟಿದ್ದಾರೆ. ಅವನು ಬೆಂಗಳೂರಿನಿಂದ ಫೋನ್ ಮಾಡಿ, ಎಲ್ಲ ಕಿತ್ತು ಕಬ್ಬಿಣದ ಪೈಪು ಕೂರಿಸಿ ಶೀಟು ಹಾಕಿಸಿ ಅಮ್ಮ, ಇನ್ನು ಮೂವತ್ತು ವರ್ಷ ಮಾಡಿನ ಕಡೆ ತಲೆ ಎತ್ತಿ ನೋಡುವುದು ಬೇಡ ಅಂತಾನೆ. ಅವನು ಹೇಳುವುದರಲ್ಲಿ ತಪ್ಪೇನು?

ಆಚಾರಿ: ಕೇಳಬೇಕಾದ ಪ್ರಶ್ನೆಯೇ. ಶೀಟು ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಅಡಿಕೆ ಒಣಗಿಸುವ ಮನೆಗೆ, ಕೊಟ್ಟಿಗೆಗೆ ನಾನೇ ಶೀಟು ಹಾಕಿ ಅಂದಿದ್ದೇನೆ. ಮಂಗನ ಕಾಟ ಇರುವ ಕಡೆ ಹಂಚಿನ ಮನೆಯವರು ಪಡುವ ಪಾಡು ನೋಡಿದವನು ನಾನು. ಒಂದು ಹಿಂಡು ಮಾಡಿನ ಮೇಲೆ ಹಾರಿ ಹೋದರೆ ಬೆಳಗ್ಗೆ ಇಪ್ಪತ್ತು ಹಂಚು ಹೋಳು. ಅಂಥವರು ಶೀಟಿಗೆ ಹೋದರೆ ತಪ್ಪು ಅನ್ನುವ ಮನಸ್ಸು ನನಗಿಲ್ಲ. ಆದರೆ ಶೀಟಿನ ಲೆಕ್ಕವನ್ನೂ ಪೂರ್ತಿ ಬರೆಯಬೇಕು. ಮಗನಿಗೆ ಕೊಟ್ಟ ಕಾಗದದಲ್ಲಿ ಶೀಟಿನ ದಪ್ಪ ಎಷ್ಟು ಅಂತ ಇದೆ?

ಟೀಚರ್: 0.50 ಮಿಲಿಮೀಟರ್.

ಆಚಾರಿ: ಬಣ್ಣ, ಲೇಪ ಎಲ್ಲ ಸೇರಿಸಿ 0.50 ಆ, ಇಲ್ಲ ಬರೀ ಉಕ್ಕು 0.50 ಆ? ಎರಡಕ್ಕೂ ದರ ಬೇರೆ. ಎಲ್ಲ ಸೇರಿಸಿ ಹೇಳುವುದಾದರೆ ಒಳಗಿನ ಉಕ್ಕು 0.45ರ ಹತ್ತಿರ ಇರುತ್ತದೆ. ಮತ್ತೆ ಲೇಪ. ಅಲ್ಯೂಮಿನಿಯಂ, ಸತು ಸೇರಿದ ಲೇಪ ಚದರ ಮೀಟರಿಗೆ 150 ಗ್ರಾಂ ಉಂಟಾ, ಇಲ್ಲ ಅದರ ಅರ್ಧವಾ? ಹೊರಗಿನಿಂದ ಬಣ್ಣ ಒಂದೇ ಥರ ಕಾಣುತ್ತದೆ. ಉಪ್ಪುಗಾಳಿಯ ಕಡೆ ಕೆಲವೇ ವರ್ಷದಲ್ಲಿ ಲೇಪ ಯಾವುದು ಅಂತ ತಿಳಿಯುತ್ತದೆ. ಸ್ಕ್ರೂ ಇನ್ನೊಂದು. ಪ್ರತಿ ಸ್ಕ್ರೂ ಅಂದರೆ ಶೀಟಿಗೆ ಒಂದು ತೂತು. ಅದನ್ನು ಮುಚ್ಚುವುದು ಅಡಿಯ ರಬ್ಬರ್ ವಾಶರ್. ಬಿಸಿಲಿಗೆ ವಾಶರ್ ಒಣಗಿ ಸೀಳಿದ ದಿನ ಅಲ್ಲಿ ಸೋರುತ್ತದೆ. ಮೂವತ್ತು ವರ್ಷ ತಲೆ ಎತ್ತಿ ನೋಡಬೇಕಿಲ್ಲ ಅನ್ನುವ ಮಾಡು ನಮ್ಮ ಮಳೆಯ ಕೆಳಗೆ ಯಾವುದೂ ಇಲ್ಲ.

ಟೀಚರ್: ಆದರೆ ಶೀಟು ಹಗುರ. ಅಷ್ಟಾದರೂ ಒಪ್ಪುತ್ತೀರಲ್ಲ. ಹಳೇ ಗೋಡೆಗೆ ಒಳ್ಳೆಯದಲ್ವಾ?

ಆಚಾರಿ: ಒಪ್ಪುತ್ತೇನೆ. ಹಂಚಿನ ತೂಕದ ಎಂಟರಲ್ಲಿ ಒಂದು ಪಾಲು ಬರಬಹುದು ಅಷ್ಟೇ. ಆದರೆ ಹಗುರವಾದದ್ದನ್ನು ಗಾಳಿ ಎತ್ತುತ್ತದೆ. ಹಂಚಿನ ಮಾಡು ತನ್ನ ತೂಕದಿಂದಲೇ ಗೋಡೆಯ ಮೇಲೆ ಕೂತಿದೆ. ಗಾಳಿ ಬಂದರೆ ಹತ್ತು ಹಂಚು ಹಾರಬಹುದು, ಮಾಡು ಹಾರುವುದಿಲ್ಲ. ಶೀಟಿನ ಚಪ್ಪರವನ್ನು ಗೋಡೆಗೆ ಗಟ್ಟಿಯಾಗಿ ಬಿಗಿಯಬೇಕು. ನಿಮ್ಮದು ಮಣ್ಣಿನ ಗೋಡೆ, ಬೋಲ್ಟು ಹಿಡಿಯುವುದಿಲ್ಲ. ಆಗ ಗೋಡೆಯ ತಲೆಗೆ ಸುತ್ತಲೂ ಒಂದು ಕಾಂಕ್ರೀಟ್ ಪಟ್ಟಿ, ಇಲ್ಲದಿದ್ದರೆ ನೆಲದಿಂದಲೇ ಕಬ್ಬಿಣದ ಕಂಬ. ಅದು ಮಗನಿಗೆ ಕೊಟ್ಟ ಲೆಕ್ಕದಲ್ಲಿ ಇದೆಯಾ?

ಟೀಚರ್: ಕಾಣುವುದಿಲ್ಲ.

ಆಚಾರಿ: ಆಮೇಲೆ ಸೆಕೆ. ಹಂಚಿನ ಸಂದಿಯಲ್ಲಿ ಗಾಳಿ ಆಡುತ್ತದೆ, ಮಣ್ಣು ಬಿಸಿಯನ್ನು ತಡೆಯುತ್ತದೆ. ಶೀಟಿನ ಅಡಿಯಲ್ಲಿ ಏಪ್ರಿಲ್ ತಿಂಗಳ ಮಧ್ಯಾಹ್ನ ಕೂರಲಿಕ್ಕಾಗುವುದಿಲ್ಲ. ಜುಲೈಯಲ್ಲಿ ಮಳೆ ಬಂದರೆ ಎದುರು ಕೂತವರ ಮಾತು ಕೇಳುವುದಿಲ್ಲ. ಅದಕ್ಕೆ ಕೆಳಗೆ ಇನ್ನೊಂದು ಹೊದಿಕೆ, ಫಾಲ್ಸ್ ಸೀಲಿಂಗ್. ಅದನ್ನೂ ಸೇರಿಸಿ ಕೂಡಿಸಿ ನೋಡಿ. ಹಂಚಿನ ಲೆಕ್ಕದ ಹತ್ತಿರ ಬಂದಿರುತ್ತದೆ. ಕಮ್ಮಿ ಆದರೂ ಆದೀತು, ಆದರೆ ಮಗ ಅಂದುಕೊಂಡಷ್ಟು ಕಮ್ಮಿ ಅಲ್ಲ.

ಟೀಚರ್: ಮೂರನೆಯವರು ಆರ್‌ಸಿಸಿ ಅಂದರು. ಹೆಚ್ಚು ಬರೆದವರು ಅವರೇ.

ಆಚಾರಿ: ಈ ಗೋಡೆಯ ಮೇಲೆ ಆರ್‌ಸಿಸಿಯಾ? ಹತ್ತು ಸೆಂಟಿಮೀಟರ್ ದಪ್ಪದ ಸ್ಲ್ಯಾಬು ಅಂದರೆ ಚದರ ಮೀಟರಿಗೆ 250 ಕಿಲೊ. ನಿಮ್ಮ ಹಂಚು ಚದರ ಮೀಟರಿಗೆ ನಲ್ವತ್ತು ಕಿಲೊ ಇಲ್ಲ, ಮರ ಸೇರಿಸಿದರೂ ಎಂಬತ್ತರ ಒಳಗೇ. ಮಣ್ಣಿನ ಗೋಡೆ ಆ ಭಾರ ಹೊರುವುದಿಲ್ಲ. ಅವರು ಬರೆದದ್ದು ಮಾಡಿನ ಲೆಕ್ಕ ಅಲ್ಲ, ಗೋಡೆ ಕೆಡವಿ ಹೊಸ ಮನೆ ಕಟ್ಟುವ ಲೆಕ್ಕದ ಮೊದಲ ಕಂತು. ಅದೂ ಅಲ್ಲದೆ ನಮ್ಮೂರಲ್ಲಿ ಎಷ್ಟು ಟೆರೇಸಿನ ಮನೆಯ ಮೇಲೆ ಈಗ ಶೀಟು ಹಾಕಿದ್ದಾರೆ ನೋಡಿದ್ದೀರಲ್ಲ.

ಟೀಚರ್: ರಸ್ತೆಯುದ್ದಕ್ಕೂ. ಒಂದು ಮನೆಗೆ ಎರಡು ಮಾಡು. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಹತ್ತಿರ ಮಳೆ ಬೀಳುವ ನೆಲ ಇದು. ಇಲ್ಲಿ ಚಪ್ಪಟೆ ಮಾಡು ಕಟ್ಟಿ, ನೀರು ನಿಂತು, ಸೋರಿ, ಕೊನೆಗೆ ಮತ್ತೆ ಇಳಿಜಾರಿಗೇ ಬರಬೇಕಾಗಿದೆ. ಆ ಎರಡನೆಯ ಖರ್ಚನ್ನು ಟೆರೇಸು ಕಟ್ಟುವ ದಿನ ಯಾರೂ ಹೇಳುವುದಿಲ್ಲ. ಸಾಲ ಮಾಡಿ ಕಟ್ಟಿದವರು ಅದಕ್ಕೆ ಮತ್ತೆ ಸಾಲ ಮಾಡುತ್ತಾರೆ. ನನಗೆ ಇದು ಬಹಳ ಸಂಕಟದ ವಿಷಯ ಆಚಾರ್ರೇ. ಸರಿ, ನಮ್ಮ ಹಂಚಿಗೆ ಬನ್ನಿ. ಹೊಸ ಹಂಚು ಎಲ್ಲಿಂದ ತರುವುದು?

ಆಚಾರಿ: ಹೊಸತು ಯಾಕೆ? ನಿಮ್ಮ ಹಂಚು ಒಂದು ತೆಗೆದು ಬೆರಳಿನ ಗೆಣ್ಣಿನಿಂದ ಬಡಿದು ನೋಡಿದೆ. ಲೋಹದ ಹಾಗೆ ಸದ್ದು ಬಂತು. ಚೆನ್ನಾಗಿ ಸುಟ್ಟ ಹಂಚು ಅದು. ಬಿರುಕು ಬಿಟ್ಟದ್ದು ಮಂದ ಸದ್ದು ಕೊಡುತ್ತದೆ, ಅದನ್ನು ಬೇರೆ ಇಡಬೇಕು. ಮರ ಒಂದು ತಲೆಮಾರು ಬಾಳಿದರೆ ಒಳ್ಳೆಯ ಹಂಚು ಎರಡು ಮೂರು ತಲೆಮಾರು ಬಾಳುತ್ತದೆ. ತೊಳೆದು, ಪಾಚಿ ಉಜ್ಜಿ, ಮತ್ತೆ ಹಾಸುವ.

ಟೀಚರ್: ಅಡಿಯಲ್ಲಿ ಕಾರ್ಖಾನೆಯ ಹೆಸರು ಇಂಗ್ಲಿಷಿನಲ್ಲಿ ಅಚ್ಚೊತ್ತಿದೆ. ಮಾವನವರು ಹೇಳುತ್ತಿದ್ದರು, ಗಾಡಿಯಲ್ಲಿ ಬಂದ ಹಂಚು ಅಂತ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು, ನೇತ್ರಾವತಿಯ ದಂಡೆಯಲ್ಲಿ. ಜಾರ್ಜ್ ಪ್ಲೆಬ್ಸ್ಟ್ ಅನ್ನುವ ಜರ್ಮನ್ ಮಿಷನರಿ ಇಲ್ಲಿನ ಜೇಡಿಮಣ್ಣು ನೋಡಿ ಅದರ ಯೋಗ್ಯತೆ ಗುರುತಿಸಿದವರು. ಅದಕ್ಕೆ ಮೊದಲು ಬಡವರ ಮನೆಗೆಲ್ಲ ಮುಳಿಹುಲ್ಲು, ಸೋಗೆ. ವರ್ಷ ವರ್ಷ ಹೊದೆಸಬೇಕಿತ್ತು. ಒಂದರೊಳಗೊಂದು ಕೂರುವ ಹಂಚು ಬಂದ ಮೇಲೆ ನಮ್ಮ ಕರಾವಳಿಯ ರೂಪವೇ ಬದಲಾಯಿತು.

ಆಚಾರಿ: ಒಂದರೊಳಗೊಂದು ಕೂರುವುದು ಅಂದಿರಿ, ಅಲ್ಲೇ ಒಂದು ಖರ್ಚು ಅಡಗಿದೆ. ಒಂದೊಂದು ಕಾರ್ಖಾನೆಯ ಅಚ್ಚು ಒಂದೊಂದು ಥರ. ಒಂದರ ಏಣು ಇನ್ನೊಂದರ ತೋಡಿಗೆ ಕೂರುವುದಿಲ್ಲ, ಕೂದಲೆಳೆಯಷ್ಟು ಎದ್ದು ನಿಂತರೂ ಗಾಳಿ ಮಳೆಗೆ ನೀರು ಒಳಗೆ ಬರುತ್ತದೆ. ನಿಮಗೆ ಮುನ್ನೂರು ಹಂಚು ಕಮ್ಮಿ ಬಿದ್ದರೆ, ಬೇರೆ ಕಾರ್ಖಾನೆಯ ಹೊಸ ಹಂಚು ತಂದು ನಡುನಡುವೆ ತೂರಿಸಲಿಕ್ಕಾಗುವುದಿಲ್ಲ. ಉದ್ದದಲ್ಲಿ ಸ್ವಲ್ಪ ವ್ಯತ್ಯಾಸ ಇದ್ದರೂ ರೀಪಿನ ಅಂತರ ಬದಲಾಯಿಸಬೇಕು. ರೀಪು ಬದಲಾದರೆ ಮೊಳೆ, ಕೂಲಿ ಎಲ್ಲ ಬದಲು. ಅದಕ್ಕೆ ನಾನು ಮಾಡುವುದು ಇಷ್ಟು: ಎರಡು ಬದಿಯ ಹಳೇ ಹಂಚನ್ನೆಲ್ಲ ಒಟ್ಟು ಮಾಡಿ ಎದುರಿನ ಬದಿಗೆ ಪೂರ್ತಿ ಹಳತು ಹಾಸುವುದು, ಕಮ್ಮಿ ಬಿದ್ದರೆ ಹಿಂದಿನ ಅಡುಗೆಮನೆಯ ಮಾಡಿಗೆ ಮಾತ್ರ ಹೊಸತು. ಇಲ್ಲದಿದ್ದರೆ ಅದೇ ಅಚ್ಚಿನ ಹಳೇ ಹಂಚು ಯಾರಾದರೂ ಮನೆ ಕೆಡಹುವಲ್ಲಿ ಸಿಗುತ್ತದಾ ಅಂತ ಹುಡುಕುವುದು.

ಟೀಚರ್: ಹಳೇ ಹಂಚಿಗೂ ಈಗ ಬೇಡಿಕೆ ಉಂಟಂತೆ.

ಆಚಾರಿ: ಉಂಟು. ಹೋಮ್‌ಸ್ಟೇ, ರೆಸಾರ್ಟಿನವರು ಹುಡುಕಿಕೊಂಡು ಬರುತ್ತಾರೆ. ಇದನ್ನು ನೀವು ಗಮನಿಸಬೇಕು. ಮೊದಲಿನವರ ಕಾಗದದ ಕೊನೇ ಸಾಲು ಓದಿ.

ಟೀಚರ್: ‘ಬಿಚ್ಚಿದ ಹಳೆಯ ಸಾಮಾನು ಕೆಲಸದವರಿಗೆ ಸೇರಿದ್ದು.’

ಆಚಾರಿ: ಅವರ ಲೆಕ್ಕ ಯಾಕೆ ಕಡಿಮೆ ಅಂತ ಈಗ ತಿಳಿಯಿತಲ್ಲ. ನಿಮ್ಮ ನಡುಮನೆಯ ತೊಲೆ ಕಿರಾಲ್‌ಬೋಗಿ ಮರದ್ದು. ಗೆದ್ದಲು ಅದನ್ನು ಅಷ್ಟು ಸುಲಭದಲ್ಲಿ ಮುಟ್ಟುವುದಿಲ್ಲ. ಪಕ್ಕಾಸಿನಲ್ಲಿ ಹೆಬ್ಬಲಸು ಉಂಟು. ಇಂಥ ಮರ ಇವತ್ತು ಕೊಳ್ಳುತ್ತೇನೆ ಅಂದರೆ ದುಡ್ಡಿದ್ದವರಿಗೂ ಸುಲಭದಲ್ಲಿ ಸಿಗುವುದಿಲ್ಲ. ತುದಿ ಕೊಳೆತು ಕುಂಬಾದ ಪಕ್ಕಾಸನ್ನು ಎಸೆಯಬಾರದು. ಕುಂಬಾದ ಎರಡಡಿ ಕತ್ತರಿಸಿದರೆ ಉಳಿದ ಉದ್ದ ಜಗಲಿಗೆ ಸಾಕು. ಜಗಲಿಯದ್ದು ಹಟ್ಟಿಗೆ. ಹೀಗೆ ಕೆಳಗೆ ಕೆಳಗೆ ಇಳಿಸುತ್ತ ಬಂದರೆ ಹೊಸ ಮರ ಬೇಕಾಗುವುದು ಒಂದೇ ಕಡೆಗೆ. ಇದಕ್ಕೆ ನನಗೆ ನಾಲ್ಕು ದಿನದ ಕೂಲಿ ಜಾಸ್ತಿ ಬೀಳುತ್ತದೆ, ನಿಮಗೆ ಒಂದು ಲೋಡು ಮರದ ಕ್ರಯ ಉಳಿಯುತ್ತದೆ.

ಟೀಚರ್: ತೋಟದ ಅಂಚಿನಲ್ಲಿ ನಮ್ಮದೇ ಒಂದು ಹಲಸಿನ ಮರ ಉಂಟು, ಎರಡು ತೇಗ ಉಂಟು. ಅದನ್ನು ಕಡಿಸಿದರೆ?

ಆಚಾರಿ: ನಮ್ಮ ಜಾಗದ ಮರ ಆದರೂ ಕೇಳಿಯೇ ಕಡಿಯಬೇಕು. ಅರಣ್ಯ ಇಲಾಖೆಯ ಅನುಮತಿ ಬೇಕು.

ಟೀಚರ್: 1976ರ ಮರ ಸಂರಕ್ಷಣಾ ಕಾಯ್ದೆ. ಕೆಲವು ಜಾತಿಗೆ ವಿನಾಯಿತಿ ಇದೆ, ತೇಗಕ್ಕೆ ಅನುಮತಿ ತೆಗೆದುಕೊಳ್ಳಬೇಕು. ನಾನು ಅರ್ಜಿ ಬರೆಯುತ್ತೇನೆ.

ಆಚಾರಿ: ಅರ್ಜಿ ಇವತ್ತೇ ಬರೆಯಿರಿ. ಯಾಕೆಂದರೆ ಕಡಿದ ಮರ ಮರುದಿನ ಮಾಡಿಗೆ ಏರುವುದಿಲ್ಲ. ಸಿಗಿಸಿ, ನೆರಳಲ್ಲಿ ಅಟ್ಟಿ ಕಟ್ಟಿ ಒಣಗಿಸಬೇಕು. ಹಸಿ ಮರದ ರೀಪು ಬಿಸಿಲಿಗೆ ತಿರುಚಿದರೆ ಹಂಚು ಬಾಯಿ ಬಿಡುತ್ತದೆ. ಆಮೇಲೆ ಅದನ್ನು ಸರಿ ಮಾಡಲಿಕ್ಕೆ ಮತ್ತೆ ಜನ ಹತ್ತಿಸಬೇಕು. ಒಣಗಿದ ಮರ ಮಿಲ್ಲಿನಲ್ಲಿ ಕೊಂಡರೆ ದರ ಹೆಚ್ಚು. ದರ ಹೆಚ್ಚು ಕೊಡುವುದೋ ಮೊದಲೇ ಯೋಚಿಸುವುದೋ, ಎರಡರಲ್ಲಿ ಒಂದು.

ಟೀಚರ್: ಹಾಗಾದರೆ ಕೆಲಸ ಯಾವ ತಿಂಗಳು ಹಿಡಿಯುವುದು?

ಆಚಾರಿ: ಜನವರಿ, ಫೆಬ್ರವರಿ. ಊರಲ್ಲಿ ಎಲ್ಲರಿಗೂ ಮಾಡು ನೆನಪಾಗುವುದು ಮೇ ತಿಂಗಳು ಮೊದಲ ಗುಡುಗು ಕೇಳಿದ ಮೇಲೆ. ಆ ತಿಂಗಳ ಕೊನೆಯ ಪತ್ತನಾಜೆಯೊಳಗೆ ಹಂಚು ಕೂರಬೇಕು ಅಂತ ಎಲ್ಲರೂ ಒಟ್ಟಿಗೆ ಓಡಿಬರುತ್ತಾರೆ. ಆಗ ಕೂಲಿ ಏರುತ್ತದೆ, ಏರಿದರೂ ಜನ ಸಿಗುವುದಿಲ್ಲ. ಅರ್ಧ ಬಿಚ್ಚಿದ ಮಾಡಿನ ಮೇಲೆ ಮಳೆ ಬಂದರೆ ಟಾರ್ಪಾಲು, ನೆನೆದ ಅಕ್ಕಿ, ನೆನೆದ ಗೋಡೆ. ಮಣ್ಣಿನ ಗೋಡೆ ಮೇಲಿನಿಂದ ನೆನೆದರೆ ಅದು ಬೇರೆಯೇ ಖರ್ಚು.

ಟೀಚರ್: ಜನ ಯಾಕೆ ಸಿಗುವುದಿಲ್ಲ? ನಿಮ್ಮ ಹತ್ತಿರ ಕಲಿತವರು ಇದ್ದರಲ್ಲ.

ಆಚಾರಿ: ಒಬ್ಬ ಗಲ್ಫಿಗೆ ಹೋದ. ಇನ್ನೊಬ್ಬ ಮಂಗಳೂರಿನಲ್ಲಿ ಮಾಡ್ಯುಲರ್ ಕಿಚನ್ ಕೂರಿಸುತ್ತಾನೆ. ಅಲ್ಲಿ ಫ್ಯಾನಿನ ಅಡಿಯಲ್ಲಿ ಕೆಲಸ, ಇಲ್ಲಿ ಬಿಸಿಲಲ್ಲಿ ರೀಪಿನ ಮೇಲೆ ಕಾಲಿಟ್ಟು ನಿಲ್ಲಬೇಕು. ಅವರು ಹೋದದ್ದಕ್ಕೆ ನನಗೆ ಸಿಟ್ಟಿಲ್ಲ. ಆದರೆ ಮೂಲೆಯ ಪಕ್ಕಾಸನ್ನು ಎಷ್ಟು ಓರೆಗೆ ಕೊಯ್ಯಬೇಕು ಅಂತ ಗೊತ್ತಿರುವವರು ಕಡಿಮೆಯಾದಷ್ಟೂ ಆ ಕೈಯ ಬೆಲೆ ಏರುತ್ತದೆ. ಮಾಡಿನ ಆಕಾರ ಸರಳವಾಗಿದ್ದರೆ ಹೊಸಬರಿಂದಲೂ ಆಗುತ್ತದೆ. ಎರಡೇ ಬದಿಗೆ ಇಳಿಯುವ ಮಾಡಿಗೂ ನಾಲ್ಕು ಬದಿಗೆ ಇಳಿಯುವ ಮಾಡಿಗೂ ಕೂಲಿ ಒಂದೇ ಅಲ್ಲ.

ಟೀಚರ್: ನಮ್ಮದು ಸರಳ ಅಲ್ವಾ?

ಆಚಾರಿ: ಮೊದಲು ಸರಳವೇ ಇತ್ತು. ಆಮೇಲೆ ಪಕ್ಕಕ್ಕೆ ಒಂದು ಕೋಣೆ ಎಳೆದಿದ್ದೀರಿ. ಅದರ ಮಾಡು ದೊಡ್ಡ ಮಾಡಿಗೆ ಅಡ್ಡ ಬಂದು ಸೇರುವಲ್ಲಿ ಒಂದು ಓಣಿ ಆಗಿದೆ. ಎರಡೂ ಕಡೆಯ ನೀರು ಅಲ್ಲಿಗೆ ನುಗ್ಗುತ್ತದೆ. ಅಡಿಯಲ್ಲಿ ತಗಡು ಹಾಸಿದ್ದಾರೆ, ಅದು ತುಕ್ಕು ಹಿಡಿದು ಜರಡಿ. ನಿಮ್ಮ ಮನೆಯಲ್ಲಿ ಮರ ಹೆಚ್ಚು ಹಾಳಾದದ್ದು ಎಲ್ಲಿ ಅಂದರೆ ಆ ಓಣಿಯ ಅಡಿಯಲ್ಲಿ. ಅಲ್ಲಿ ಹಂಚನ್ನು ಓರೆಗೆ ಕೊಯ್ಯಬೇಕು, ಕೊಯ್ಯುವಾಗ ಒಡೆಯುತ್ತದೆ, ಕೆಲಸ ನಿಧಾನ. ಇಡೀ ಮಾಡಿನಲ್ಲಿ ಅದು ಹತ್ತಡಿ ಇರಬಹುದು. ಆದರೆ ಅಲ್ಲಿ ದುಡ್ಡು ಉಳಿಸಬೇಡಿ. ದಪ್ಪ ತಗಡು, ಅಗಲವಾಗಿ. ಹಂಚಿನ ಅಡಿಗೆ ಎರಡೂ ಕಡೆ ಮುಕ್ಕಾಲು ಅಡಿ ಹೋಗುವಷ್ಟು. ತೊಟ್ಟಿ ಮನೆಗಳು ಒಂದೊಂದಾಗಿ ಬಿದ್ದದ್ದು ನೋಡಿದ್ದೀರಲ್ಲ, ಅಂಗಳದ ನಾಲ್ಕು ಮೂಲೆಯ ಈ ಓಣಿಗಳಿಂದಲೇ ಕೇಡು ಶುರು.

ಟೀಚರ್: ಆ ಕೋಣೆ ಮಗಳ ಬಾಣಂತನಕ್ಕೆ ಅಂತ ಅವಸರದಲ್ಲಿ ಎಳೆಸಿದ್ದು. ಇರಲಿ, ಸಾಮಾನು ತರುವುದು? ಲಾರಿ ಕೆಳಗಿನ ಗೇಟಿನ ತನಕ ಮಾತ್ರ ಬರುವುದು.

ಆಚಾರಿ: ಅಲ್ಲಿಂದ ತಲೆಹೊರೆ. ಆರೂವರೆ ಟನ್ ಹಂಚನ್ನು ಗುಡ್ಡ ಹತ್ತಿಸುವುದು ಅಂದರೆ ಹೊರುವವರ ಕೂಲಿಯೇ ಒಂದು ದೊಡ್ಡ ಮೊತ್ತ. ಹಳೇ ಹಂಚು ಉಳಿಸಿದರೆ ಅದೂ ಉಳಿಯುತ್ತದೆ. ದಾರಿ ಇಲ್ಲದ ಮನೆಗೆ ಹಳೇ ಸಾಮಾನೇ ಆಸ್ತಿ.

ಟೀಚರ್: ಹಿತ್ತಲ ಸೌದೆ ಕೊಟ್ಟಿಗೆಗೆ ಹಾಕಿದ ಆಸ್‌ಬೆಸ್ಟಾಸ್ ಶೀಟು ಒಡೆದಿದೆ. ಅದನ್ನೂ ಈಗಲೇ ತೆಗೆಸಿಬಿಡುವ ಅಂತ.

ಆಚಾರಿ: ತೆಗೆಸುವ. ಆದರೆ ಸುತ್ತಿಗೆಯಿಂದ ಒಡೆಸುವುದು ಬೇಡ.

ಟೀಚರ್: ಸರಿಯಾಗಿ ಹೇಳಿದಿರಿ. ಅದರ ನಾರಿನ ಧೂಳು ಶ್ವಾಸಕೋಶಕ್ಕೆ ಹೋದರೆ ವರ್ಷಗಳ ನಂತರ ಕಾಯಿಲೆ, ಕ್ಯಾನ್ಸರ್ ಕೂಡ. ನೀರು ಹೊಡೆದು ಒದ್ದೆ ಮಾಡಿ, ಇಡೀ ಶೀಟನ್ನು ಹಾಗೆಯೇ ಇಳಿಸಬೇಕು. ಒಳ್ಳೆಯ ಮಾಸ್ಕಿನ ಖರ್ಚು ನನ್ನದು. ಹುಡುಗರು ಟವೆಲ್ ಕಟ್ಟಿಕೊಂಡು ಮಾಡುವ ಕೆಲಸ ಅಲ್ಲ ಅದು.

ಆಚಾರಿ: ಹೇಳುತ್ತೇನೆ ಅವರಿಗೆ.

ಟೀಚರ್: ಇನ್ನೊಂದು ಕೇಳಬೇಕು. ಮಾವನವರು ಇದ್ದಾಗ ಪ್ರತಿ ವರ್ಷ ಏಪ್ರಿಲಿನಲ್ಲಿ ಜನ ಹತ್ತಿಸಿ ಮಾಡು ಗುಡಿಸುತ್ತಿದ್ದರು. ಆಮೇಲೆ ಅದು ನಿಂತಿತು. ಅದನ್ನು ಮಾಡಿಸುತ್ತಿದ್ದರೆ ಈ ಖರ್ಚು ಬರುತ್ತಿರಲಿಲ್ಲವಾ?

ಆಚಾರಿ: ಬರುತ್ತಿತ್ತು, ಆದರೆ ಇಷ್ಟಲ್ಲ. ಹಲಸಿನ ಎಲೆ ಹಂಚಿನ ತೋಡಿನಲ್ಲಿ ಕೂತು ಕೊಳೆಯುತ್ತದೆ. ನೀರು ಅಲ್ಲಿ ತಡೆದು ನಿಂತು ಪಕ್ಕಕ್ಕೆ ಹಾಯುತ್ತದೆ. ಒಂದು ಒಡೆದ ಹಂಚಿನಡಿ ರೀಪು ಎರಡು ಮಳೆಗಾಲಕ್ಕೆ ಕಪ್ಪಾಗುತ್ತದೆ, ಮತ್ತೆರಡಕ್ಕೆ ಪಕ್ಕಾಸಿಗೆ ಕುಂಬು ಇಳಿಯುತ್ತದೆ. ನೆನೆದ ಮರಕ್ಕೆ ಗೋಡೆಯ ಮಣ್ಣಿನಿಂದ ಗೆದ್ದಲು ದಾರಿ ಮಾಡಿಕೊಂಡು ಬರುತ್ತದೆ. ಒಂದು ಹಂಚು ಬದಲಾಯಿಸುವ ಹತ್ತು ನಿಮಿಷದ ಕೆಲಸ ಅದು, ಬಿಟ್ಟರೆ ನಾಲ್ಕೈದು ವರ್ಷಕ್ಕೆ ಒಂದು ಬದಿಯ ಮಾಡು. ನಾನು ಲೆಕ್ಕ ಬರೆಯುವಾಗ ಮನೆಯವರು ಕೊನೆಗೆ ಮಾಡು ಗುಡಿಸಿದ್ದು ಯಾವಾಗ ಅಂತಲೇ ಮೊದಲು ಕೇಳುವುದು. ಮರದ ಅರ್ಧ ಲೆಕ್ಕ ಆ ಉತ್ತರದಲ್ಲಿ ಸಿಗುತ್ತದೆ.

ಟೀಚರ್: ನಮಗಾದರೆ ಪಿಂಚಣಿ ಉಂಟು, ಮಗ ಇದ್ದಾನೆ. ಕೆಳಗಿನ ಕಾಲೊನಿಯವರಿಗೆ? ಗಾಳಿಗೆ ಮರ ಬಿದ್ದು ಮಾಡು ಮುರಿದರೆ, 2022ರ ಕೇಂದ್ರದ ವಿಪತ್ತು ಪರಿಹಾರ ಮಾನದಂಡದ ಪ್ರಕಾರ ಭಾಗಶಃ ಹಾನಿಯಾದ ಪಕ್ಕಾ ಮನೆಗೆ 6,500 ರೂಪಾಯಿ, ಕಚ್ಚಾ ಮನೆಗೆ 4,000. ಅದೂ ನೂರಕ್ಕೆ ಹದಿನೈದಾದರೂ ಹಾನಿ ಆಗಿರಬೇಕು. ಅದಕ್ಕಿಂತ ಕಡಿಮೆ ಒಡೆದರೆ ಏನೂ ಇಲ್ಲ. ನಾಲ್ಕು ತಿಂಗಳ ಮಳೆ ಎದುರಿಗೆ ಇಟ್ಟುಕೊಂಡು ಆ ದುಡ್ಡಿನಲ್ಲಿ ಯಾವ ಮಾಡು ಆಗುತ್ತದೆ?

ಆಚಾರಿ: ಟಾರ್ಪಾಲು ಆಗುತ್ತದೆ. ಟಾರ್ಪಾಲಿನಡಿ ಗೋಡೆ ಕರಗುತ್ತದೆ. ಮರುವರ್ಷ ಮನೆಯೇ ಇರುವುದಿಲ್ಲ. ನೀವು ಹೇಳಿದ ಹಾಗೆ ಹದಿನೈದು ಪಾಲು ಒಡೆಯುವ ತನಕ ಕಾಯುವ ಬದಲು ಏಪ್ರಿಲಿನಲ್ಲಿ ಒಂದು ಮನೆಗೆ ನೂರು ಹಂಚು, ಇಬ್ಬರ ಒಂದು ದಿನದ ಕೂಲಿ ಕೊಟ್ಟಿದ್ದರೆ ಅರ್ಧಕ್ಕರ್ಧ ಮನೆ ಉಳಿಯುತ್ತಿತ್ತು. ಇದನ್ನು ಪಂಚಾಯತಿಯಲ್ಲಿ ಯಾರಾದರೂ ಹೇಳಬೇಕು.

ಟೀಚರ್: ಮುಂದಿನ ಗ್ರಾಮಸಭೆಯಲ್ಲಿ ನಾನು ಹೇಳುತ್ತೇನೆ. ನೀವೂ ಬರಬೇಕು. ಹಂಚಿನ ಲೆಕ್ಕ ನಿಮ್ಮ ಬಾಯಲ್ಲಿ ಬಂದರೆ ನಂಬುತ್ತಾರೆ.

ಆಚಾರಿ: ಬರುತ್ತೇನೆ. ಈಗ ನಿಮ್ಮ ಮನೆಯದ್ದು ಮುಗಿಸುವ. ಇವತ್ತು ನಾನು ಒಟ್ಟು ಮೊತ್ತ ಹೇಳುವುದಿಲ್ಲ. ಬರುವ ಸೋಮವಾರ ಇಬ್ಬರನ್ನು ಕರೆದುಕೊಂಡು ಬಂದು ಮೂರು ಕಡೆ ಹಂಚು ತೆಗೆಯುತ್ತೇನೆ. ಪಡುವಣ ಸೂರು, ಆ ಓಣಿ, ನೆತ್ತಿ. ಒಂದೊಂದು ಪಕ್ಕಾಸಿಗೂ ಸೀಮೆಸುಣ್ಣದಲ್ಲಿ ಗುರುತು ಹಾಕುವ: ಉಳಿಯುವುದು, ತುದಿ ಕತ್ತರಿಸುವುದು, ಹೋಗುವುದು. ನೀವು ಪಟ್ಟಿ ಬರೆದುಕೊಳ್ಳಿ. ಆ ಪಟ್ಟಿ ನಿಮ್ಮ ಹತ್ತಿರವೇ ಇರಲಿ, ಬೇಕಾದರೆ ಅದೇ ಪಟ್ಟಿಯನ್ನು ಈ ಮೂವರಿಗೂ ಕೊಟ್ಟು ಮತ್ತೆ ದರ ಕೇಳಿ. ನನಗೇ ಕೊಡಬೇಕು ಅಂತಿಲ್ಲ.

ಟೀಚರ್: ಆ ದಿನದ ಕೂಲಿ?

ಆಚಾರಿ: ಇಬ್ಬರ ಕೂಲಿ, ನನ್ನದೊಂದು. ಕೆಲಸ ನನಗೇ ಬಂದರೆ ಲೆಕ್ಕದಲ್ಲಿ ಕಳೆಯುವ. ಮಧ್ಯಾಹ್ನ ಊಟ ನಿಮ್ಮಲ್ಲಿ.

ಟೀಚರ್: ಊಟ ಇದ್ದೇ ಇದೆ. ಮಗನಿಗೂ ಸೋಮವಾರ ರಜೆ ಹಾಕಿ ಬರಲು ಹೇಳುತ್ತೇನೆ. ಮೇಲೆ ಹತ್ತಿ ಅವನೂ ನೋಡಲಿ. ಏಣಿ ಹಟ್ಟಿಯಲ್ಲಿ ಉಂಟು, ಅದರ ಮೆಟ್ಟಿಲು ಗಟ್ಟಿ ಇದೆಯಾ ಅಂತ ಹೋಗುವಾಗ ಒಂದು ಸಲ ನೋಡಿ ಹೋಗಿ.